ನೀರಿನ ಮೇಲೆ ಹೆಸರು ಹೇಳದವರು

ನಮ್ಮ ಎದುರು ಮನೆಯ ಮುದುಕರ ಮೂಗಿನ ತುದಿ ವರ್ಷವಿಡೀ ಸಿಪ್ಪೆ ಸುಲಿಯುತ್ತಿತ್ತು. ನಲವತ್ತು ವರ್ಷ ಸಿಂಗಪುರದಲ್ಲಿದ್ದರೂ ಆ ಮೂಗು ಇಲ್ಲಿನ ಬಿಸಿಲಿಗೆ ಒಗ್ಗಲೇ ಇಲ್ಲ. ಕೆಂಪಗೆ, ಈಗ ತಾನೇ ಸಿಪ್ಪೆ ತೆಗೆದ ಬೀಟ್‌ರೂಟಿನ ಹಾಗೆ ಹೊಳೆಯುತ್ತಿತ್ತು. ಅದರ ಮೇಲೊಂದು ತೆಳ್ಳನೆ ಬಿಳಿ ಹಾಳೆ ಯಾವಾಗಲೂ ಗಾಳಿಗೆ ಅಲ್ಲಾಡುತ್ತಿರುತ್ತಿತ್ತು. ಮಾತಾಡುವಾಗ ನಾನು ಅವರ ಕಣ್ಣು ಬಿಟ್ಟು ಅದನ್ನೇ ನೋಡುತ್ತಿದ್ದೆ. ಹಚ್ಚಿಕೊಳ್ಳಲಿ ಅಂತ ಒಂದು ಸಣ್ಣ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಕೊಟ್ಟೆ. ಮಾರನೆಯ ದಿನ, ಯಾವಾಗಲೂ ಕಿರುಗುಡುತ್ತಿದ್ದ ಅವರ ಕಬ್ಬಿಣದ ಗೇಟು ಸದ್ದಿಲ್ಲದೆ ತೆರೆದುಕೊಂಡಿತು. "ಥ್ಯಾಂಕ್ಸ್, ಲಾಸ್. ಇಷ್ಟು ಒಳ್ಳೆ ಎಣ್ಣೆ ನಾನು ಕೆಲಸ ಮಾಡಿದ ಯಾವ ಹಡಗಲ್ಲೂ ಇರಲಿಲ್ಲ," ಎಂದರು.

ಲಾಸ್ ಎಂದರೆ ಅವರ ಕಡೆಯ ಮಾತಿನಲ್ಲಿ ಹುಡುಗಿ. ಆಗಲೇ ತಲೆ ಅರ್ಧ ನರೆತಿದ್ದ ನನ್ನನ್ನು ಹುಡುಗಿ ಎಂದು ಕರೆಯುತ್ತಿದ್ದವರು ಈ ಊರಿನಲ್ಲಿ ಅವರೊಬ್ಬರೇ. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ಅವರ ಇಂಗ್ಲಿಷು ನನಗೆ ಪೂರ್ತಿ ಹಿಡಿಯಲು ವರ್ಷವೇ ಬೇಕಾಯಿತು. ಈಗ ಅದನ್ನೆಲ್ಲ ನನಗೆ ಬರುವ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬರೆಯುವುದರಿಂದ ಏನೂ ಆಗುವುದಿಲ್ಲ, ಅದು ಗೊತ್ತು. ಅವರು ಹೋದರು. ಎದುರು ಮನೆಗೆ ಬೇರೆಯವರು ಬಂದರು. ಆದರೂ ಬೆಳಿಗ್ಗೆ ದೀಪ ಹಚ್ಚಿ ರಾಯರ ಮುಂದೆ ಕೂತಾಗ ಸ್ತೋತ್ರ ಬಾಯಲ್ಲಿರುತ್ತದೆ, ಮನಸ್ಸು ಎದುರು ಬಾಗಿಲಿನಲ್ಲಿರುತ್ತದೆ. ಅಲ್ಲಿಂದ ಎಬ್ಬಿಸಿ ತರಲು ನನ್ನಿಂದ ಆಗಿಲ್ಲ.

ನಾವು ವುಡ್‌ಲ್ಯಾಂಡ್ಸಿನ ಈ ಹನ್ನೊಂದನೆಯ ಮಹಡಿಗೆ ಬಂದ ದಿನವೇ ಅವರ ಪರಿಚಯವಾಯಿತು. ಇವರು, ಅಂದರೆ ನಮ್ಮ ಯಜಮಾನರು, ಕೆಳಗೆ ಲಾರಿಯಿಂದ ಸಾಮಾನು ಇಳಿಸುತ್ತಿದ್ದರು. ನಾನೂ ಮಗಳೂ ಮೇಲೆ ಇದ್ದೆವು. ಎದುರು ಮನೆಯಿಂದ ಎತ್ತರದ ಈ ಮುದುಕರು ಬಂದು, ಕೈ ಕುಲುಕಲು ಹೋಗಿ ನಾನು ಕೈ ಮುಗಿದದ್ದನ್ನು ನೋಡಿ ತಾವೂ ಮುಗಿದು, ನಿಮ್ಮ ಯಜಮಾನರ ಹೆಸರೇನು ಎಂದು ಕೇಳಿದರು. ನಾನು ಮಗಳ ಕಡೆ ನೋಡಿದೆ. ಮದುವೆಯಾಗಿ ನಂಜನಗೂಡಿನ ಮನೆಗೆ ಹೋದ ವಾರದಲ್ಲೇ ಅತ್ತೆ ಹೇಳಿದ್ದರು, ಗಂಡನ ಹೆಸರನ್ನು ಬಾಯಲ್ಲಿ ಆಡಿದರೆ ಅವನ ಆಯಸ್ಸು ಸವೆಯುತ್ತದೆ ಎಂದು. ಬ್ಯಾಂಕಿನಲ್ಲಿ, ಇಮಿಗ್ರೇಷನ್ ಆಫೀಸಿನಲ್ಲಿ ಬರೆದು ತೋರಿಸಿದ್ದೇನೆ. ಬಾಯಲ್ಲಿ ಮಾತ್ರ ಇಲ್ಲ.

ನನ್ನ ಮಗಳು ಆಗ ಪ್ರೈಮರಿ ಶಾಲೆ. ಅವಳೇ ಮುಂದೆ ಬಂದಳು. "ಅಮ್ಮ ಕಾಂಟ್ ಸೇ ಲಾ, ಅಂಕಲ್. ಅಮ್ಮ ಹೇಳಿದ್ರೆ ಅಪ್ಪ ಸತ್ತೋಗ್ತಾರಂತೆ."

ನನಗೆ ಭೂಮಿಗಿಳಿದು ಹೋಗುವ ಹಾಗಾಯಿತು. ಎಷ್ಟೋ ಜನ ಇದಕ್ಕೆ ನಕ್ಕಿದ್ದಾರೆ, ನಮ್ಮವರೇ ನಕ್ಕಿದ್ದಾರೆ. ಕನ್ನಡದವರು ಸೇರಿದಲ್ಲಿ ಇದು ಇವತ್ತಿಗೂ ತಮಾಷೆಯ ವಿಷಯ. ಆ ಮುದುಕರು ನಗಲಿಲ್ಲ. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಈಗ ಅವರು ಎಲ್ಲಿದ್ದಾರೆ?"

"ಕೆಳಗೆ, ಲಾರಿ ಹತ್ರ."

"ಲಾರಿ ಆದ್ರೆ ಪರವಾಗಿಲ್ಲ," ಎಂದರು, ಬಹಳ ಗಂಭೀರವಾಗಿ. "ನಮ್ಮೂರಲ್ಲಿ ನೀರಿನ ಮೇಲೆ ಇರೋರ ಹೆಸರು ಮಾತ್ರ ಹೇಳಬಾರದು. ನಿಮ್ಮದು ನಮಗಿಂತ ಕಟ್ಟುನಿಟ್ಟು."

ಅವರ ಊರು ಸ್ಕಾಟ್ಲೆಂಡಿನ ಉತ್ತರಕ್ಕೆ, ಸಮುದ್ರದ ನಡುವೆ ಇರುವ ದ್ವೀಪಗಳಲ್ಲಿ ಒಂದು. ಮರವೇ ಇಲ್ಲದ ಊರಂತೆ. ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡುತ್ತ ಇಲ್ಲಿಗೆ ಬಂದು, ಇಲ್ಲಿಯ ಚೀನೀ ಹೆಂಗಸನ್ನು ಮದುವೆಯಾಗಿ ಉಳಿದುಬಿಟ್ಟವರು. ನಾವು ಬರುವ ಹೊತ್ತಿಗೆ ಆಕೆ ತೀರಿಕೊಂಡಿದ್ದರು. ಮಕ್ಕಳಿಲ್ಲ. ಅವರು ಭಾನುವಾರ ಚರ್ಚಿಗೆ ಹೋಗುತ್ತಿದ್ದರು, ದಿನಾ ಬೆಳಿಗ್ಗೆ ಹೆಂಡತಿಯ ಫೋಟೋದ ಮುಂದೆ ಊದುಬತ್ತಿಯನ್ನೂ ಹಚ್ಚುತ್ತಿದ್ದರು. ಪಾದ್ರಿಗಳು ಏನೂ ಅನ್ನಲ್ವಾ ಅಂತ ಒಮ್ಮೆ ಕೇಳಿದೆ. "ಪಾದ್ರಿಗೆ ಯಾಕೆ ಹೇಳಲಿ? ನನ್ನ ಹೆಂಡತಿ ಅವರಿಗಿಂತ ಜೋರು," ಎಂದರು.

ಜಗಳವೂ ಆಗಿದೆ. ಅಡಿಗೆಮನೆಯ ಕಿಟಕಿಯಾಚೆ ಬಟ್ಟೆ ಒಣಗಿಸಲು ಬಿದಿರ ಕೋಲು ಸಿಕ್ಕಿಸುವ ಜಾಗ ಇರುತ್ತದಲ್ಲ, ಅದರಲ್ಲಿ ಅವರು ಉಪ್ಪು ಸವರಿದ ಮೀನನ್ನು ಸಾಲಾಗಿ ತೂಗುಹಾಕುತ್ತಿದ್ದರು. ನಾರ್ವೆಯಲ್ಲೂ ನಮ್ಮಲ್ಲೂ ಹೀಗೇ ಒಣಗಿಸೋದು, ಚಳಿಗಾಲಕ್ಕೆ ಬೇಕಲ್ಲ, ಅನ್ನುತ್ತಿದ್ದರು. ಸಿಂಗಪುರದಲ್ಲಿ ಯಾವ ಚಳಿಗಾಲ? ಗಾಳಿ ಈ ಕಡೆ ತಿರುಗಿತೆಂದರೆ ನನ್ನ ದೇವರ ಕೋಣೆಯವರೆಗೂ ವಾಸನೆ. ನಾನು ಮೂಗು ಮುಚ್ಚಿಕೊಂಡೇ ಹೋಗಿ ಹೇಳಿದೆ. ಅವರು ತಲೆ ಕೆರೆದುಕೊಂಡು, "ನಿನ್ನ ದೇವರಿಗೆ ಯಾವ ದಿನ ಮುಖ್ಯ?" ಎಂದು ಕೇಳಿದರು. ಗುರುವಾರ ಎಂದೆ. ಅವತ್ತಿನಿಂದ ಗುರುವಾರ ಆ ಕೋಲು ಖಾಲಿ. ಎಷ್ಟು ಖಾಲಿ ಎಂದರೆ, ಅವತ್ತು ಅದನ್ನು ಸೋಪು ಹಚ್ಚಿ ತೊಳೆದು ಒಳಗಿಟ್ಟುಕೊಳ್ಳುತ್ತಿದ್ದರು. ಮಿಕ್ಕ ದಿನ ನಾನು ಕಿಟಕಿ ಹಾಕಿಕೊಳ್ಳುತ್ತಿದ್ದೆ. ವಾರಕ್ಕೊಂದು ದಿನ ಕೊಟ್ಟರಲ್ಲ, ರಾಯರು ಅಷ್ಟಾದರೂ ನಡೆಸಿಕೊಟ್ಟರು ಅಂದುಕೊಂಡೆ.

ಸಂಜೆ ಕಾರಿಡಾರಿನ ಗೋಡೆಗೆ ಮೊಣಕೈ ಊರಿ ಅವರು ಜೊಹೋರ್ ಕಡೆ ನೋಡುತ್ತ ನಿಲ್ಲುತ್ತಿದ್ದರು. ನಮ್ಮ ಮಹಡಿಯಿಂದ ಜಲಸಂಧಿಯ ಒಂದು ತುಂಡು ಕಾಣುತ್ತದೆ, ಆಚೆ ದಡದಲ್ಲಿ ಮಲೇಷ್ಯಾದ ಕಟ್ಟಡಗಳು. ನಾನು ರಾಗಿ ಗಂಜಿ ಮಾಡಿದ ದಿನ ಒಂದು ಲೋಟ ತೆಗೆದುಕೊಂಡು ಹೋಗುತ್ತಿದ್ದೆ. ಸಕ್ಕರೆ ಹಾಕಬೇಡ, ಗಂಜಿಗೆ ಉಪ್ಪೇ ಸರಿ ಎಂದು ಅವರೇ ಮೊದಲ ದಿನ ಹೇಳಿದಾಗ ನನಗೆ ತವರಿನವರನ್ನು ಕಂಡ ಹಾಗಾಗಿತ್ತು. ಗಂಜಿ ಕುಡಿಯುತ್ತ ಅವರು ಹೇಳುತ್ತಿದ್ದುದೆಲ್ಲ ಆ ದ್ವೀಪಗಳ ಮಾತು, ಆಚೆಯ ನಾರ್ವೆಯ ಮಾತು.

"ನಿಮ್ಮೂರಿಗೂ ನಾರ್ವೆಗೂ ಮಧ್ಯ ಇಷ್ಟೇ ನೀರಾ, ಅಂಕಲ್?"

"ಇಷ್ಟಾಗಿದ್ರೆ ಈಜಿಬಿಡ್ತಿದ್ದೆ. ಸಣ್ಣ ದೋಣೀಲಿ ಒಂದು ಹಗಲು, ಒಂದು ರಾತ್ರಿ, ಗಾಳಿ ಒಳ್ಳೇದಾಗಿದ್ರೆ. ಆದ್ರೂ ಸ್ಕಾಟ್ಲೆಂಡಿನ ರಾಜಧಾನಿಗಿಂತ ನಮಗೆ ನಾರ್ವೆಯ ದಡವೇ ಹತ್ತಿರ."

ಹಿಂದೆ ಎರಡೂ ಕಡೆಯ ಬೆಟ್ಟ ಒಂದೇ ಸಾಲಾಗಿತ್ತಂತೆ. ಆಮೇಲೆ ಭೂಮಿ ಬಿರಿದು ನಡುವೆ ನೀರು ನುಗ್ಗಿತಂತೆ. ಕಲ್ಲು ಒಡೆದು ನೋಡಿದರೆ ಈಗಲೂ ಗೊತ್ತಾಗುತ್ತದೆ ಎನ್ನುತ್ತಿದ್ದರು. ಅವರ ದ್ವೀಪಗಳು ಮೊದಲು ನಾರ್ವೆಯವೇ. ಐನೂರು ವರ್ಷಕ್ಕೂ ಹಿಂದೆ ಅಲ್ಲಿನ ರಾಜ ತನ್ನ ಮಗಳನ್ನು ಸ್ಕಾಟ್ಲೆಂಡಿನ ರಾಜನಿಗೆ ಕೊಟ್ಟ. ವರದಕ್ಷಿಣೆಗೆ ಕೈಯಲ್ಲಿ ಇರಲಿಲ್ಲ, ದ್ವೀಪಗಳನ್ನೇ ಅಡ ಇಟ್ಟ. ಬಿಡಿಸಿಕೊಳ್ಳಲೇ ಇಲ್ಲ.

"ಅಯ್ಯೋ, ಅಲ್ಲೂ ವರದಕ್ಷಿಣೆನಾ?" ಎಂದೆ.

"ಅಲ್ಲೂ."

"ಪಾಪ, ಆ ಹುಡುಗಿ ಚೆನ್ನಾಗಿ ಬಾಳಿದ್ಲಾ?"

ಅವರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. "ನೋಡು, ನಮ್ಮ ಶಾಲೇಲಿ ಭೂಮಿ ಏನಾಯ್ತು ಅಂತ ಮಾತ್ರ ಹೇಳಿಕೊಟ್ರು. ಹುಡುಗಿ ಏನಾದ್ಲು ಅಂತ ನಾನೂ ಕೇಳಲಿಲ್ಲ."

ಹೀಗೆ ಊರಿನವರೆಲ್ಲ ಸ್ಕಾಟ್ಲೆಂಡಿನವರಾದರು, ಅವರ ಮಾತನ್ನೇ ಕಲಿತರು. ಆದರೆ ದೂರದ ಸಮುದ್ರಕ್ಕೆ ಮೀನು ಹಿಡಿಯಲು ಹೋದಾಗ ಹಳೆಯ ನಾರ್ವೆಯ ಮಾತನ್ನು ಬಿಡಲಿಲ್ಲ. ದೋಣಿಯಲ್ಲಿ ಕೂತ ಮೇಲೆ ಬೆಕ್ಕನ್ನು ಬೆಕ್ಕು ಎನ್ನಬಾರದು, ಚಾಕುವನ್ನು ಚಾಕು ಎನ್ನಬಾರದು. ಚರ್ಚನ್ನು ಪ್ರಾರ್ಥನೆಯ ಮನೆ ಎಂಬ ಅರ್ಥದ ಹಳೆಯ ಹೆಸರಿನಿಂದ ಕರೆಯಬೇಕು, ಪಾದ್ರಿಯನ್ನು ಎದ್ದು ನಿಲ್ಲುವವನು ಎನ್ನಬೇಕು. ನೆಲದ ಮಾತು ಕೇಳಿಸಿದರೆ ಸಮುದ್ರಕ್ಕೆ ಸಿಟ್ಟು. ಅವರ ತಾತನ ಜೊತೆ ದೋಣಿಗೆ ಹೋದ ಮೊದಲ ದಿನ ಬಾಯಿ ತಪ್ಪಿ ಬೆಕ್ಕು ಎಂದದ್ದಕ್ಕೆ ತಾತ ದೋಣಿಯನ್ನು ಅಲ್ಲಿಂದಲೇ ವಾಪಸು ತಿರುಗಿಸಿದ್ದರಂತೆ. "ನೆಲಕ್ಕೆ ರಾಜ ಬದಲಾದ, ಲಾಸ್. ಸಮುದ್ರಕ್ಕೆ ಯಾರೂ ಹೇಳಿ ಕಳಿಸಲಿಲ್ಲ," ಎಂದು ನಗುತ್ತಿದ್ದರು. ಇದನ್ನು ಅವರು ನಂಬುತ್ತಿದ್ದರೋ ಇಲ್ಲವೋ ನನಗೆ ಬಹಳ ದಿನ ಗೊತ್ತಾಗಲಿಲ್ಲ.

ಗೊತ್ತಾದದ್ದು ಅವರ ತಂದೆಯ ವಿಷಯ ಹೇಳಿದ ದಿನ. ದೊಡ್ಡ ಯುದ್ಧದಲ್ಲಿ ಜರ್ಮನಿಯವರು ನಾರ್ವೆಯನ್ನು ಹಿಡಿದಿದ್ದಾಗ ಅಲ್ಲಿನ ಬೆಸ್ತರು ಚಳಿಗಾಲದ ಕತ್ತಲನ್ನು ಮರೆಮಾಡಿಕೊಂಡು, ಮೀನಿನ ದೋಣಿಗಳಲ್ಲಿ ಜನರನ್ನು ಈ ದ್ವೀಪಗಳಿಗೆ ದಾಟಿಸುತ್ತಿದ್ದರಂತೆ. ಅಂಥ ಒಂದು ದೋಣಿಯಲ್ಲಿ ಬಂದವರು ಅವರ ತಂದೆ. ದ್ವೀಪದ ಹುಡುಗಿಯನ್ನು ಮದುವೆಯಾದರು. ಗಂಡು ಮಗು ಹುಟ್ಟಿದಾಗ ತಮ್ಮ ಹೆಸರನ್ನೇ ಇಟ್ಟರು. ಮಗು ಇನ್ನೂ ತೊಟ್ಟಿಲಲ್ಲಿರುವಾಗ ಮತ್ತೆ ನಾರ್ವೆಗೆ ದೋಣಿ ಹೋಯಿತು. ವಾಪಸು ಬರಲಿಲ್ಲ. ದೋಣಿಯ ಒಂದು ಹಲಗೆಯೂ ಯಾವ ದಡಕ್ಕೂ ಬರಲಿಲ್ಲ.

ತಾಯಿ ಸಾಯುವವರೆಗೂ ಗಂಡನ ಹೆಸರು ಹೇಳಲಿಲ್ಲ. ಸತ್ತ ಸುದ್ದಿ ಬಂದಿಲ್ಲ, ಹಾಗಾದರೆ ಇನ್ನೂ ನೀರಿನ ಮೇಲಿದ್ದಾನೆ. ನೀರಿನ ಮೇಲಿರುವವನ ಹೆಸರು ಹೇಳಬಾರದು. ಮಗನದೂ ಅದೇ ಹೆಸರಾದ್ದರಿಂದ ಮಗನನ್ನೂ ಹೆಸರು ಹಿಡಿದು ಕರೆಯಲಿಲ್ಲ, ಪುಟ್ಟ ಎಂದೇ ಕರೆದರು. ದೊಡ್ಡವರಾಗಿ ಹಡಗು ಸೇರಿದ ಮೇಲೆ ಅಂಕಲ್ ಒಮ್ಮೆ ತಂದೆಯ ಊರನ್ನು ಹುಡುಕಿಕೊಂಡು ನಾರ್ವೆಗೆ ಹೋಗಿದ್ದರು. ಬಾಗಿಲು ತೆರೆದ ಅತ್ತೆ, ತಂದೆಯ ಅಕ್ಕ, ಒಂದು ಮಾತೂ ಕೇಳದೆ ಅಂಕಲ್‌ರ ಮೂಗು ನೋಡಿ ಒಳಗೆ ಕರೆದು ಕೂರಿಸಿದರಂತೆ. ಊಟಕ್ಕಿಟ್ಟು, ತಮ್ಮನ ಹೆಸರು ಹಿಡಿದು ಗಟ್ಟಿಯಾಗಿ ಅಂಕಲ್‌ರನ್ನು ಕರೆದರಂತೆ. "ನನಗೆ ತುತ್ತು ಇಳೀಲಿಲ್ಲ," ಎಂದರು. "ಅಷ್ಟು ಗಟ್ಟಿಯಾಗಿ ಯಾಕೆ ಕರೀತಾರೆ, ಕಿಟಕಿಯ ಕೆಳಗೇ ನೀರಿದೆಯಲ್ಲ, ಅಂತ."

ಅದಕ್ಕೇ ಇಲ್ಲಿ ಯಾರಾದರೂ ಹೆಸರು ಕೇಳಿದರೆ ಅವರು ಜೇಬಿನಿಂದ ಐಸಿ, ಅಂದರೆ ಇಲ್ಲಿನ ಗುರುತಿನ ಕಾರ್ಡ್, ತೆಗೆದು ತೋರಿಸುತ್ತಿದ್ದರು. ಕ್ಲಿನಿಕ್ಕಿನಲ್ಲಿ, ಪೋಸ್ಟ್ ಆಫೀಸಿನಲ್ಲಿ, ಎಲ್ಲೇ ಆಗಲಿ. ಜನ ಈ ಅಂಕಲ್‌ಗೆ ಕಿವಿ ಕೇಳಿಸಲ್ಲ ಅಂದುಕೊಳ್ಳುತ್ತಿದ್ದರು. ನಾನು ಮಾತ್ರ ಅದನ್ನು ಸರಿಯಾಗಿ ತಿಳಿದುಕೊಂಡಿದ್ದೆ. ನಾನೂ ಹಾಗೆಯೇ ಬರೆದು ತೋರಿಸುವವಳು.

ಇವರಿಗೆ ನಮ್ಮಿಬ್ಬರ ಸ್ನೇಹ ದೊಡ್ಡ ತಮಾಷೆ. "ಒಬ್ರು ಗಂಡನ ಹೆಸರು ಹೇಳಲ್ಲ, ಇನ್ನೊಬ್ರು ತಮ್ಮ ಹೆಸರೇ ಹೇಳಲ್ಲ. ಇಡೀ ಬ್ಲಾಕಲ್ಲಿ ಹೆಸರು ಇರೋನು ನಾನೊಬ್ನೇ," ಎನ್ನುತ್ತಿದ್ದರು.

ಕಳೆದ ವರ್ಷ ಒಂದು ಬೆಳಿಗ್ಗೆ ಅವರ ಮನೆಯ ಊದುಬತ್ತಿಯ ವಾಸನೆ ಬರಲಿಲ್ಲ. ಹೊತ್ತೇರಿದರೂ ಗೇಟು ತೆರೆಯಲಿಲ್ಲ. ನಮ್ಮಲ್ಲಿ ಅವರ ಮನೆಯ ಕೀ ಇತ್ತು. ಇವರು ಹೋಗಿ ನೋಡಿದರೆ ಬಚ್ಚಲಲ್ಲಿ ಬಿದ್ದಿದ್ದಾರೆ, ಎದ್ದೇಳಲು ಆಗುತ್ತಿಲ್ಲ. ಸೊಂಟದ ಮೂಳೆ ಮುರಿದಿತ್ತು. ಆಂಬುಲೆನ್ಸಿನವರು ಸ್ಟ್ರೆಚರಿನಲ್ಲಿ ಎತ್ತಿಕೊಂಡು ಲಿಫ್ಟಿಗೆ ಹೋಗುವಾಗ ನನ್ನ ಸೆರಗನ್ನು ಹಿಡಿದುಕೊಂಡು, "ಲಾಸ್, ನನ್ನನ್ನ ಇಲ್ಲಿಗೇ ವಾಪಸು ಕರ್ಕೊಂಡು ಬಾ. ಬೇರೆಲ್ಲೂ ಸಾಯಲ್ಲ ನಾನು," ಎಂದರು. ಹೂಂ ಎಂದೆ. ಅದೇ ನಾನು ಅವರಿಗೆ ಕೊಟ್ಟ ಮಾತು.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಆಮೇಲೆ ಎರಡು ದಿನ ಅವರಿಗೆ ಸರಿಯಾಗಿ ಎಚ್ಚರವೇ ಆಗಲಿಲ್ಲ. ಎಚ್ಚರವಾದಾಗ ಬೇರೆಯವರೇ ಆಗಿದ್ದರು. ಬೆನ್ನಿನಲ್ಲಿ ಹುಣ್ಣಾಗಬಾರದೆಂದು ಗಾಳಿ ತುಂಬುವ ಹಾಸಿಗೆಯ ಮೇಲೆ ಮಲಗಿಸಿದ್ದರು. ಅದರ ಒಂದು ಸಾಲು ಉಬ್ಬುತ್ತದೆ, ಇನ್ನೊಂದು ಸಾಲು ಇಳಿಯುತ್ತದೆ, ಪಂಪು ಸದಾ ಗುಂಯ್ ಅನ್ನುತ್ತಿರುತ್ತದೆ. ಮಂಚದ ಎರಡೂ ಕಡೆ ಕಂಬಿ. ಅವರು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಸೂರು ನೋಡುತ್ತ ಮಲಗಿದ್ದರು. ನಾನು ಹತ್ತಿರ ಹೋಗಿ ಅಂಕಲ್ ಎಂದೆ. ಗುರುತು ಸಿಕ್ಕಿತು, ನಕ್ಕರು.

"ನೀನು ಹೇಗೆ ಬಂದೆ ಇಷ್ಟು ದೂರ?"

"ಬಸ್ಸಲ್ಲಿ ಬಂದೆ."

"ಬಸ್ಸಲ್ಲಿ ನೀರಿನ ಮೇಲಾ?" ಎಂದು ಮತ್ತೆ ನಕ್ಕರು. ಆಮೇಲೆ ಸ್ವರ ತಗ್ಗಿಸಿ, "ಮಾತು ಕಮ್ಮಿ ಆಡು. ಅಲೆ ಜೋರಿದೆ," ಎಂದರು.

ಹೊರಗೆ ಬಂದು ನರ್ಸಿಗೆ ಹೇಳಿದೆ, ಈ ಹಾಸಿಗೆ ಬೇಡ, ಇದರಿಂದಲೇ ಅವರಿಗೆ ದೋಣಿ ಅನ್ನಿಸುತ್ತಿದೆ ಎಂದು. ಒಳ್ಳೆಯ ಹುಡುಗಿ ಆಕೆ. ಹುಣ್ಣಾದರೆ ಪ್ರಾಣಕ್ಕೇ ಬರುತ್ತದೆ ಆಂಟಿ, ತೆಗೆಯುವ ಹಾಗಿಲ್ಲ ಎಂದಳು. ಆದರೂ ನನ್ನ ಮುಖ ನೋಡಿ ಸ್ವಲ್ಪ ಹೊತ್ತು ಪಂಪನ್ನು ನಿಲ್ಲಿಸಿದಳು. ಹಾಸಿಗೆ ಅಲುಗಾಡುವುದು ನಿಂತಿತು. ಅವರು ಕಂಬಿ ಬಿಟ್ಟು, ಅಂಗೈ ಎತ್ತಿ ಎ.ಸಿ.ಯ ಗಾಳಿ ನೋಡಿದರು. "ಗಾಳಿ ಬಿತ್ತು," ಎಂದರು. "ಈಗ ಇಲ್ಲೇ ನಿಂತುಬಿಡ್ತೀವಿ. ದಡಕ್ಕೆ ಯಾವಾಗ ಹೋಗ್ತೀವೋ." ನಾನು ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡೆ. ಆ ಹುಡುಗಿ ಮತ್ತೆ ಪಂಪು ಹಾಕಿದಳು.

ಡಾಕ್ಟರು ನಮ್ಮನ್ನು ಕೂರಿಸಿಕೊಂಡು ವಿಷಯ ಹೇಳಿದರು. ಅವರಿಗೆ ಹತ್ತಿರದ ಬಂಧುಗಳಿಲ್ಲ. ಮುಂದೆ ನಡೆಯಲು ಆಗುವುದು ಕಷ್ಟ. ಅವರ ಬುದ್ಧಿ ಸ್ಪಷ್ಟವಾಗಿದ್ದರೆ, ಮನೆಗೆ ಹೋಗುತ್ತೇನೆಂದು ಅವರೇ ಹೇಳಿದರೆ ಸಾಕು. ಜೊತೆಗೆ ಒಬ್ಬ ಹೆಲ್ಪರ್ ಇರಬೇಕು, ಅಷ್ಟೇ. ಹೆಲ್ಪರನ್ನು ಇವರು ಆಗಲೇ ಏಜೆನ್ಸಿಯಲ್ಲಿ ಮಾತಾಡಿ ಗೊತ್ತುಮಾಡಿದ್ದರು. ಆದರೆ ಬುದ್ಧಿ ಸ್ಪಷ್ಟವಿಲ್ಲದಿದ್ದರೆ ಆ ಮಾತನ್ನು ಲೆಕ್ಕಕ್ಕೆ ಇಡುವ ಹಾಗಿಲ್ಲ, ನರ್ಸಿಂಗ್ ಹೋಮಿಗೇ ಕಳಿಸಬೇಕು. ಅದಕ್ಕೆ ಕೆಲವು ಪ್ರಶ್ನೆ ಕೇಳುತ್ತಾರೆ. ಸುಲಭದ ಪ್ರಶ್ನೆಗಳು, ಆಂಟಿ, ಮೊದಲು ಹೆಸರು ಕೇಳ್ತೀವಿ ಅಷ್ಟೇ, ಎಂದರು ಆ ಡಾಕ್ಟರಮ್ಮ, ನನಗೆ ಧೈರ್ಯ ಹೇಳಲು. ನನಗೆ ಆಗಲೇ ಅರ್ಥವಾಗಿ ಹೋಯಿತು.

"ಅಂಕಲ್, ನಿಮ್ಮ ಹೆಸರು ಹೇಳ್ತೀರಾ?"

ಅವರು ತುಟಿ ಬಿಗಿದುಕೊಂಡರು.

"ಈಗ ಎಲ್ಲಿದ್ದೀರಿ?"

"ನಿಮಗೆ ಕಾಣ್ತಿಲ್ವಾ?"

ಡಾಕ್ಟರು ಹಣ್ಣು ಹೆಚ್ಚುವ ಪ್ಲಾಸ್ಟಿಕ್ ಚಾಕು ತೋರಿಸಿ ಇದೇನು ಎಂದರು. ಅವರು ಏನೋ ಒಂದು ಹಳೆಯ ಮಾತು ಹೇಳಿದರು. ಬೆಕ್ಕಿನ ಚಿತ್ರ ತೋರಿಸಿದರು. ಅದಕ್ಕೂ ಇನ್ನೊಂದು ಮಾತನ್ನು, ಸುತ್ತ ಒಮ್ಮೆ ನೋಡಿಕೊಂಡು, ಹೇಳಿದರು. ಡಾಕ್ಟರು ತಪ್ಪು ಎಂದು ಬರೆದುಕೊಂಡರು.

"ಡಾಕ್ಟ್ರೇ, ಅದು ತಪ್ಪಲ್ಲ," ಎಂದೆ. "ಅದು ಅವರ ಸಮುದ್ರದ ಮಾತು. ದೋಣಿ ಮೇಲೆ ಹಾಗೇ ಹೇಳಬೇಕು. ಹೆಸರೂ ಹೇಳಬಾರದು. ಅವರ ತಲೆ ಸರಿಯಾಗೇ ಇದೆ."

ಆಕೆ ಪೂರ್ತಿ ಕೇಳಿಸಿಕೊಂಡರು. ಅವಸರ ಮಾಡಲಿಲ್ಲ. "ಆಂಟಿ, ನೀವು ಹೇಳೋದನ್ನ ನಾನು ನಂಬ್ತೀನಿ. ಆದ್ರೆ ಅವರು ದೋಣಿ ಮೇಲಿಲ್ಲ ಅಲ್ವಾ?"

ಆಕೆಯದು ಸರಿ. ಇವತ್ತಿಗೂ ಆಕೆಯದೇ ಸರಿ. ಇನ್ನೊಂದು ಸಲ ನೋಡೋಣ ಎಂದು ಸಮಯ ಕೊಟ್ಟರು, ಅದೂ ಅವರ ಒಳ್ಳೆಯತನ.

ಆ ಇನ್ನೊಂದು ಸಲಕ್ಕೆ ಮುಂಚೆ ನಾನೂ ಇವರೂ ಹೋದೆವು. ಮಧ್ಯಾಹ್ನ, ಪರದೆ ಸರಿಸಿದ್ದರು, ಬೆಳಕಿತ್ತು. ನಾನು ಅವರ ಪಕ್ಕ ಕೂತು ಹೇಳಿದೆ. ಮನೆಗೆ ಹೋಗೋಣ ಅಂಕಲ್, ಕೋಲೆಲ್ಲ ತೊಳೆದಿಟ್ಟಿದೀನಿ, ನೀವು ಯಾವತ್ತು ಬೇಕಾದ್ರೂ ಮೀನು ಒಣಗಿಸಿ, ಗುರುವಾರವೂ ಒಣಗಿಸಿ, ಒಂದೇ ಒಂದು ಸಲ ನಿಮ್ಮ ಹೆಸರು ಡಾಕ್ಟರಿಗೆ ಹೇಳಿಬಿಡಿ. ಅವರು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಬೇರೆ ಯಾರು ಕೇಳಿದ್ದರೂ ಆಗುತ್ತಿತ್ತು, ನೀನು ಕೇಳಬಾರದಿತ್ತು ಎನ್ನುವ ಹಾಗೆ.

"ನಿನ್ನ ಗಂಡನ ಹೆಸರು ನೀನು ಹೇಳ್ತೀಯಾ?" ಎಂದರು. ವ್ಯಂಗ್ಯವಿರಲಿಲ್ಲ. ಜ್ಞಾಪಿಸಿದರು, ಅಷ್ಟೇ.

ಇವರು ಮಂಚದ ಕಾಲ ಕಡೆ ನಿಂತಿದ್ದರು, ಕೈಯಲ್ಲಿ ಫ್ಲಾಸ್ಕು. ನಾನು ಎದ್ದು ನಿಂತೆ. ರಾಯರೇ, ನಿಮ್ಮ ಮೇಲೆ ಭಾರ ಹಾಕಿದ್ದೇನೆ ಎಂದುಕೊಂಡೆ. ಅತ್ತೆ ಕಣ್ಣ ಮುಂದೆ ಬಂದರು. ಹೇಳಿಬಿಟ್ಟೆ. ಇವರ ಹೆಸರನ್ನು, ತಂದೆಯ ಹೆಸರಿನ ಸಮೇತ, ಗಟ್ಟಿಯಾಗಿ, ಇಡೀ ವಾರ್ಡಿಗೆ ಕೇಳಿಸುವ ಹಾಗೆ. ಪಕ್ಕದ ಮಂಚದ ಚೀನೀ ಅಜ್ಜ ತಿರುಗಿ ನೋಡಿದರು. ಇವರ ಕೈಯ ಫ್ಲಾಸ್ಕು ಕಂಬಿಗೆ ತಗುಲಿ ಠಣ್ ಎಂದಿತು. ಮದುವೆಯಾದ ಮೇಲೆ ನನ್ನ ಬಾಯಿಂದ ಅದನ್ನು ಇವರು ಕೇಳಿದ್ದು ಅದೇ ಮೊದಲು. ಇಲ್ಲಿ ಅದನ್ನು ಬರೆಯಲಾರೆ.

"ನಾನು ಹೇಳಿದೆ. ಈಗ ನೀವು ಹೇಳಿ," ಎಂದೆ.

ಅವರು ಕಂಬಿಯಿಂದ ಒಂದು ಕೈ ಬಿಡಿಸಿಕೊಂಡು ನನ್ನ ಕೈ ಹಿಡಿದರು. ಮಕ್ಕಳನ್ನು ಸಮಾಧಾನ ಮಾಡುವ ಹಾಗೆ ತಟ್ಟಿದರು.

"ಹೆದರಬೇಡ, ಲಾಸ್. ನೀನೂ ದಡದಲ್ಲಿದ್ದೀಯ, ಅವನೂ ದಡದಲ್ಲೇ ನಿಂತಿದ್ದಾನೆ. ನೀನು ಹೇಳಬಹುದು. ಏನೂ ಆಗಲ್ಲ." ಆ ಕೈಯನ್ನು ಮತ್ತೆ ಕಂಬಿಗೆ ಹಾಕಿ, "ನಾನು ಇನ್ನೂ ಬಂದಿಲ್ಲ," ಎಂದರು.

ಡಾಕ್ಟರು ಬಂದು ಕೇಳಿದಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು. ತುಟಿ ಬಿಗಿದೇ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಇವರು ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಮ್ಮ ಸ್ಟಾಪು ಹತ್ತಿರ ಬಂದಾಗ, "ನನ್ನ ಹೆಸರು ಅಷ್ಟೇನೂ ಕೆಟ್ಟದಾಗಿಲ್ಲ, ಅಲ್ವಾ?" ಎಂದರು. ನಗಿಸಲು ಹೇಳಿದ್ದು. ನಾನು ಇವರ ತೋಳು ಹಿಡಿದುಕೊಂಡು ಅತ್ತುಬಿಟ್ಟೆ. ಇವರಿಗೆ ಏನೂ ಆಗಿಲ್ಲ, ಬಿ.ಪಿ. ಕೂಡ ಮೊದಲಿನಷ್ಟೇ ಇದೆ. ಅದೊಂದು ದಯೆ. ಆದರೂ ಇವರು ಆಫೀಸಿನಿಂದ ಬರುವುದು ತಡವಾದ ದಿನ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಅವರನ್ನು ಕಲ್ಲಾಂಗ್ ಕಡೆಯ ಒಂದು ನರ್ಸಿಂಗ್ ಹೋಮಿಗೆ ಕಳಿಸಿದರು. ಚೊಕ್ಕಟವಾದ ಜಾಗ. ಅವರಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಿದ್ದರು, ಬೆನ್ನಿನಲ್ಲಿ ಒಂದು ಹುಣ್ಣೂ ಆಗಲಿಲ್ಲ. ಅವರ ಕಿಟಕಿಯಿಂದ ಕಾಣುತ್ತಿದ್ದುದು ಎದುರು ಕಟ್ಟಡದ ಗೋಡೆ. ನಾನು ಹೋದಾಗಲೆಲ್ಲ ಗಾಳಿ ಯಾವ ಕಡೆಯದು ಎಂದು ಕೇಳುತ್ತಿದ್ದರು. ಮೊದಮೊದಲು ಗೊತ್ತಿಲ್ಲ ಎನ್ನುತ್ತಿದ್ದೆ. ಆಮೇಲೆ ದಡದ ಕಡೆಗೇ ಬೀಸ್ತಿದೆ ಅಂಕಲ್ ಎನ್ನತೊಡಗಿದೆ. ಗಂಜಿಯನ್ನು ಫ್ಲಾಸ್ಕಿನಲ್ಲಿ ತೆಗೆದುಕೊಂಡು ಹೋದರೆ ಎರಡು ಚಮಚ ಕುಡಿದು ಸಾಕೆನ್ನುತ್ತಿದ್ದರು. ನಾನು ಯಾರು ಎನ್ನುವುದು ಕೊನೆಕೊನೆಗೆ ಅವರಿಗೆ ಗೊತ್ತಿತ್ತೋ ಇಲ್ಲವೋ. ಲಾಸ್ ಎನ್ನುವುದನ್ನು ಬಿಟ್ಟಿರಲಿಲ್ಲ, ಆದರೆ ಅಲ್ಲಿದ್ದ ಎಲ್ಲ ನರ್ಸುಗಳನ್ನೂ ಹಾಗೆಯೇ ಕರೆಯುತ್ತಿದ್ದರು.

ಒಂದು ಗುರುವಾರ ಅವರಿಗಾಗಿ ಅರ್ಚನೆ ಮಾಡಿಸೋಣವೆಂದು ದೇವಸ್ಥಾನಕ್ಕೆ ಹೋದೆ. ತಮಿಳು ಅರ್ಚಕರು ತಟ್ಟೆ ತೆಗೆದುಕೊಂಡು ಹೆಸರು, ನಕ್ಷತ್ರ ಕೇಳಿದರು. ನಾನು ಬಾಯಿ ತೆರೆದೆ, ಹೆಸರು ಬರಲಿಲ್ಲ. ಗೊತ್ತಿಲ್ಲದೆ ಅಲ್ಲ. ಅವರಿನ್ನೂ ಬಂದಿಲ್ಲವಲ್ಲ. ಹಿಂದೆ ಸಾಲಿನಲ್ಲಿ ಜನ ಕಾಯುತ್ತಿದ್ದರು. ಅರ್ಚಕರು ನನ್ನ ಮುಖ ನೋಡಿ, "ಸಾಮಿ ಪೇರುಕ್ಕೇ ಪಣ್ಣಲಾಮಾ?" ಎಂದರು, ದೇವರ ಹೆಸರಿಗೇ ಮಾಡಿಬಿಡಲೇ ಎಂದು. ಇಲ್ಲಿ ಹಾಗೂ ಮಾಡುತ್ತಾರೆ. ತಲೆಯಾಡಿಸಿದೆ. ದೇವರ ಹೆಸರಿನಲ್ಲಿ ದೇವರಿಗೇ ಮಾಡಿದ ಆ ಅರ್ಚನೆ ಯಾರಿಗೆ ಸೇರಬೇಕಿತ್ತೆಂದು ದೇವರಿಗಾದರೂ ಗೊತ್ತಿರಲೇಬೇಕು. ಅವರು ಮನೆಗೆ ಬರಲಿ ಎಂದು ನಾನು ಆ ಹೊತ್ತಿಗೂ ಕೇಳಿಕೊಂಡೆ.

ಬರಲಿಲ್ಲ. ಬೆಳಗಿನ ತಿಂಡಿ ಕೊಡಲು ಹೋದಾಗ ಉಸಿರು ನಿಂತಿತ್ತಂತೆ. ಕೈ ಕಂಬಿಯ ಮೇಲೇ ಇತ್ತಂತೆ, ಬಿಡಿಸಬೇಕಾಯಿತಂತೆ. ಒದ್ದಾಡಿರಲಿಲ್ಲ ಎಂದು ಹೇಳಿದರು. ಅದನ್ನು ದಯೆ ಎಂದು ಎಣಿಸಲು ಎಷ್ಟೋ ದಿನ ಪ್ರಯತ್ನ ಮಾಡಿದ್ದೇನೆ.

ಅಸ್ಥಿ ಬಿಡಲು ಇಲ್ಲಿ ಸಮುದ್ರದಲ್ಲಿ ಒಂದು ಜಾಗ ಗೊತ್ತುಮಾಡಿದ್ದಾರೆ. ಅವರ ಚರ್ಚಿನವರೇ ದೋಣಿ ಬುಕ್ ಮಾಡಿದ್ದರು. ಪಾದ್ರಿಗಳು, ಅಂಕಲ್ ಜೊತೆ ಹಡಗಿನಲ್ಲಿ ಕೆಲಸ ಮಾಡಿದ್ದ ಒಬ್ಬ ಮುದುಕರು, ನಾವಿಬ್ಬರು, ಅಷ್ಟೇ ಜನ. ದಡ ಬಿಟ್ಟು ಸಾಕಷ್ಟು ದೂರ ಹೋದ ಮೇಲೆ ಎಂಜಿನ್ ನಿಲ್ಲಿಸಿದರು. ಪಾದ್ರಿಗಳು ಎದ್ದು ನಿಂತು ಪುಸ್ತಕ ತೆರೆದರು. ಏನು ಓದುತ್ತಾರೆಂದು ನನಗೆ ಹೊಳೆಯಿತು. ಬೇಡ, ಇಲ್ಲಿ ಬೇಡ, ಎಂದು ಹೇಳಬೇಕೆಂದಿದ್ದೆ. ಯಾರಿಗೆ ಏನೆಂದು ಅರ್ಥ ಮಾಡಿಸಲಿ? ಅವರು ಅಂಕಲ್‌ರ ಪೂರ್ತಿ ಹೆಸರನ್ನು ಗಾಳಿಗೆ ಎದುರಾಗಿ, ಗಟ್ಟಿಯಾಗಿ, ಬಹಳ ಗೌರವದಿಂದ ಓದಿದರು. ಅಪ್ಪನದೂ ಮಗನದೂ ಒಂದೇ ಹೆಸರು. ತಾಯಿ ಒಬ್ಬಳು ಜೀವಮಾನವಿಡೀ, ಮಗ ಒಬ್ಬ ಜೀವಮಾನವಿಡೀ, ನೀರಿಗೆ ಕೇಳಿಸದ ಹಾಗೆ ಕಾಪಾಡಿಕೊಂಡು ಬಂದ ಹೆಸರು. ಅಲೆ ಬಂದು ದೋಣಿಯ ಹೊಟ್ಟೆಗೆ ಬಡಿಯಿತು, ಹೋಯಿತು. ಬೂದಿ ಸ್ವಲ್ಪ ಹೊತ್ತು ಮೇಲೆ ತೇಲಿತು, ಆಮೇಲೆ ನೀರಿನ ಬಣ್ಣವೇ ಆಯಿತು.

ನನ್ನ ನಂಬಿಕೆಗೆ ಟೋಪಿ ತೆಗೆದು ನಿಂತವರು ಅವರು. ಅವರು ನನ್ನನ್ನು ಕೇಳಿದ್ದು ಒಂದೇ, ಮನೆಗೆ ಕರೆದುಕೊಂಡು ಬಾ ಎಂದು. ಲಿಫ್ಟಿನ ಮುಂದೆ ಹೂಂ ಎಂದ ಆ ಮಾತು ನನ್ನ ಮೇಲೆ ಹಾಗೇ ಉಳಿದಿದೆ. ಅದನ್ನು ಇಳಿಸುವ ದಾರಿ ನನಗೆ ಗೊತ್ತಿಲ್ಲ, ಯಾವ ವ್ರತದಲ್ಲೂ ಇಲ್ಲ.

ದೋಣಿ ವಾಪಸು ಬರುವಾಗ ನಾನು ಕಣ್ಣು ಮುಚ್ಚಿ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಇವರು ನನ್ನ ಭುಜ ಮುಟ್ಟಿದರು.

"ಏಳು," ಎಂದರು. "ದಡ ಬಂತು."